ಪೈನ್ ಅಲ್ಲ, ಗಾಳಿಮರ: ಕಾಸರಕೋಡಿನ ಹೊಯ್ಗೆಯಲ್ಲಿ ಒಂದು ದಿನ

'ಪೈನ್ ಕಾಡು ನೋಡ್ಬೇಕು ಮಾವ' ಅಂತ ಅಕ್ಕನ ಮಗ ಹಟ ಹಿಡಿದಿದ್ದ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು, ಕುಮಟಾ ಹಿಂದೆ ಬಿಟ್ಟು, ಹೊನ್ನಾವರದಲ್ಲಿ ಶರಾವತಿ ಸೇತುವೆ ದಾಟಿದರೆ ಕಾಸರಕೋಡು. ಅಲ್ಲಿಗೇ ಕರೆದುಕೊಂಡು ಹೋದೆ. ಅಲ್ಲಿರುವುದು ಪೈನ್ ಅಲ್ಲ, ಗಾಳಿಮರ, ಅಂದರೆ ಸರ್ವೆ. ಅವನು ಒಪ್ಪಲಿಲ್ಲ.

ಕೆಳಗೆ ಬಿದ್ದ ಒಂದು 'ಸೂಜಿ' ಕೊಟ್ಟು, ಎರಡೂ ತುದಿ ಹಿಡಿದು ಎಳಿ ಅಂದೆ. ಟಕ್ ಅಂತ ಗಂಟಿನಲ್ಲಿ ಕಳಚಿತು. ಆ ಗಂಟಿನ ಸುತ್ತ ಏಳೆಂಟು ಪುಟ್ಟ ಹಲ್ಲುಗಳಿರುತ್ತವೆ. ಅವೇ ಎಲೆಗಳು. ನಾವು ಎಲೆ ಅಂದುಕೊಂಡದ್ದು ಬರೀ ಹಸಿರು ಕಡ್ಡಿ. ಪೈನ್ ಆದರೆ ಸೂಜಿಯೇ ಎಲೆ, ಅದಕ್ಕೆ ಇಂಥ ಗಂಟಿರುವುದಿಲ್ಲ. ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ಎಣಿಸಿದ ಮೇಲೆ ಹುಡುಗ ಸುಮ್ಮನಾದ.

ಈ ಮರ ನಮ್ಮ ಕರಾವಳಿಯದ್ದಲ್ಲ. ಸೌದೆಗಾಗಿ 1868ರ ಹೊತ್ತಿಗೆ ಕಾರವಾರದಲ್ಲಿ ನೆಟ್ಟದ್ದು. 1883ರಲ್ಲಿ ಅಲ್ಲಿಗೆ ಬಂದ ರವೀಂದ್ರನಾಥ ಠಾಕೂರರು ಕಡಲಂಚಿನ ಗಾಳಿಮರದ ಕಾಡನ್ನು ನೆನೆದು ಬರೆದಿದ್ದಾರೆ. ಲೆಕ್ಕ ಹಾಕಿದರೆ ಆ ಕಾಡಿಗೆ ಆಗ ಹದಿನೈದೇ ವರ್ಷ! ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಾಣು ಗಾಳಿಯ ಸಾರಜನಕ ಹಿಡಿದು ಕೊಡುತ್ತದೆ. ಅದಕ್ಕೇ ಸಾರವಿಲ್ಲದ ಹೊಯ್ಗೆಯಲ್ಲೂ, ಅಂದರೆ ಮರಳಲ್ಲೂ, ಅಷ್ಟು ಬೇಗ ಬೆಳೆಯುತ್ತದೆ.

ಆದರೆ ತೋಪಿನ ಒಳಗೆ ನೋಡುವುದಕ್ಕೆ ಜಾಸ್ತಿ ಏನಿಲ್ಲ. ಉದುರಿದ ಕಡ್ಡಿ ಚಾಪೆಯಂತೆ ಹಾಸಿರುತ್ತದೆ, ಅದರಡಿಯಿಂದ ಬೇರೆ ಗಿಡ ಏಳುವುದು ಕಷ್ಟ. ನೋಡಬೇಕಾದ್ದು ತೋಪಿನಾಚೆ, ಕಡಲ ಕಡೆಯ ಹೊಯ್ಗೆ ದಿಬ್ಬ. ಅಲ್ಲಿ ನಿಜವಾದ ಕೆಲಸ ಮಾಡುವವರು ಇಬ್ಬರು. ನೇರಳೆ ಹೂವಿನ ಅಡುಂಬು ಬಳ್ಳಿ, ಆಡಿನ ಗೊರಸಿನ ಹಾಗೆ ಸೀಳಿದ ಎಲೆಯದ್ದು. ಮತ್ತೆ ಮುಳ್ಳಿನಂಥ ಹುಲ್ಲು, ರಾವಣನ ಮೀಸೆ. ಹಾರಿ ಬಂದ ಹೊಯ್ಗೆ ಇವುಗಳಿಗೆ ತಡೆದು ನಿಲ್ಲುತ್ತದೆ. ಹೊಯ್ಗೆ ಮುಚ್ಚಿದಷ್ಟೂ ಇವು ಮೇಲೆ ಬರುತ್ತವೆ. ದಿಬ್ಬ ಹಾಗೆ ಏಳುತ್ತದೆ.

ಇದು ನನಗೆ ಗೊತ್ತಾದದ್ದು ಬೈಸಿಕೊಂಡು. ಕೆಲವು ವರ್ಷಗಳ ಹಿಂದೆ ಗೆಳೆಯರ ಜೊತೆ ಇದೇ ದಿಬ್ಬ ಹತ್ತಿ ಜಾರುಬಂಡಿ ಆಡಿದ್ದೆ. ಬಳ್ಳಿ ಕಿತ್ತು ಬಂತು. ಮೀನು ಒಣಗಿಸುತ್ತಿದ್ದ ಒಬ್ಬ ಅಜ್ಜಿ ಬುಟ್ಟಿ ಕೆಳಗಿಟ್ಟು, 'ತಮ್ಮಾ, ಆ ಬಳ್ಳಿ ಹೋದ್ರೆ ಹೊಯ್ಗೆ ಎಲ್ಲಾ ನಮ್ಮನೆ ಒಳಗೇ ಬರ್ತದೆ' ಅಂದರು. ನನಗೆ ತಲೆ ಎತ್ತಲಾಗಲಿಲ್ಲ.

ಈ ಸಲ ಜನ ನಡೆದು ಸವೆದ ಕಾಲುದಾರಿಯಲ್ಲೇ ಹೋದೆವು. ಬೆಳಿಗ್ಗೆ ಏಳಕ್ಕೇ ಇಳಿದಿದ್ದೆವು. ಹತ್ತರ ಮೇಲೆ ಹೊಯ್ಗೆ ಕಾದ ಹೆಂಚು. ಹವಾಯಿ ಚಪ್ಪಲಿ ಮಾತ್ರ ಬೇಡ, ರಾವಣನ ಮೀಸೆ ಪಾದಕ್ಕೆ ಚುಚ್ಚುತ್ತದೆ, ನನ್ನದು ಅನುಭವದ ಮಾತು. ಚೊಕ್ಕಟ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆ 2020ರಲ್ಲಿ ಸಿಕ್ಕಿದ ಬೀಚ್ ಹತ್ತಿರದಲ್ಲೇ ಇದೆ. ಬೆಂಚು, ನೆರಳು ಬೇಕಾದವರು ಅಲ್ಲಿ ಕೂರಬಹುದು. ನನಗೆ ಈ ಮುಳ್ಳು ದಿಬ್ಬವೇ ಇಷ್ಟ. ಚಳಿಗಾಲದಲ್ಲಿ ಈ ಕಡೆ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡಲು ಬರುತ್ತವೆ. ಬಲೆ ಕಟ್ಟಿ ಕಾದಿಟ್ಟ ಜಾಗ ಕಂಡರೆ ದೂರವೇ ನಿಲ್ಲಿ. ರಾತ್ರಿ ಟಾರ್ಚ್ ಹಾಕಿಕೊಂಡು ಓಡಾಡಬೇಡಿ, ಬೆಳಕಿಗೆ ಮರಿಗಳು ದಿಕ್ಕು ತಪ್ಪುತ್ತವೆ.

ಅಳಿಯ ಗಾಳಿಮರದ ಕಾಯಿ ಕಿಸೆ ತುಂಬಾ ತುಂಬಿಕೊಂಡು ಬಂದ. ಎರಡು ದಿನ ಬಿಟ್ಟು ಅಕ್ಕನ ಫೋನ್. ಕಾಯಿ ಒಣಗಿ ಬಾಯಿ ಬಿಟ್ಟು, ಪುಟ್ಟ ರೆಕ್ಕೆಯ ಬೀಜಗಳು ಕಪಾಟಿನ ಬಟ್ಟೆಗೆಲ್ಲ ಅಂಟಿವೆಯಂತೆ.