ಹಲಗೆಯ ಮೇಲೆ ಎರಡು ಇಸವಿ

ನಮ್ಮ ಫಿಲ್ಮ್ ಸೊಸೈಟಿಯಲ್ಲಿ ಐದು ಭಾನುವಾರ ಪೋಲೆಂಡಿನ ಇತಿಹಾಸವನ್ನು ಸಿನಿಮಾಗಳ ಮೂಲಕ ತೋರಿಸುವ ಕೆಲಸ ನನ್ನ ಪಾಲಿಗೆ ಬಂತು. ಮೊದಲು ಚಿತ್ರಗಳನ್ನು ಬಿಡುಗಡೆಯಾದ ವರ್ಷದ ಪ್ರಕಾರ ಜೋಡಿಸಿದೆ. ಆಗ 1940ರ ಕಥೆ ಹೇಳುವ ‘ಕಾತಿನ್’ ಕಟ್ಟಕಡೆಗೆ ಹೋಗಿ ಕೂತಿತು, ಅದು ತೆರೆಗೆ ಬಂದದ್ದು 2007ರಲ್ಲಿ. ಆ ವರ್ಷ ಕಾತಿನ್ ಹತ್ಯಾಕಾಂಡದಲ್ಲಿ ಸೋವಿಯತ್ ರಹಸ್ಯ ಪೊಲೀಸರು ಕೊಂದ ಸುಮಾರು 22,000 ಪೋಲಿಷರಲ್ಲಿ ನಿರ್ದೇಶಕ ವೈದಾ ಅವರ ತಂದೆಯೂ ಒಬ್ಬರು. ಕಮ್ಯುನಿಸ್ಟ್ ಆಳ್ವಿಕೆ ಇರುವತನಕ ಮಗ ಆ ಸಿನಿಮಾ ತೆಗೆಯುವ ಹಾಗಿರಲಿಲ್ಲ.

ಪಟ್ಟಿ ಹರಿದುಹಾಕಿ ಘಟನೆಯ ವರ್ಷದ ಪ್ರಕಾರ ಜೋಡಿಸಿದೆ. ಬಾಗಿಲ ಬಳಿ ಕರಿಹಲಗೆ ಇಟ್ಟು ಪ್ರತಿ ವಾರ ಎರಡು ಇಸವಿ ಬರೆದೆ: ನಡೆದದ್ದು, ತೆರೆಗೆ ಬಂದದ್ದು. ನಡುವಿನ ಅಂತರ ನೋಡಿ ಜನರೇ ಪ್ರಶ್ನೆ ಕೇಳತೊಡಗಿದರು.

‘ಕನಾಲ್’ (1944–1957) ಚಿತ್ರವನ್ನು ಮೊದಲು ನಾಲ್ಕು ಗೆಳೆಯರಿಗೆ ತೋರಿಸಿ ನೋಡಿದ್ದೆ. ನಾಜಿ ಜರ್ಮನರ ವಿರುದ್ಧ ಎದ್ದ ವಾರ್ಸಾ ದಂಗೆಯ ಹೋರಾಟಗಾರರು ಚರಂಡಿಯೊಳಗೆ ತೆವಳುತ್ತಾರೆ. ಗಾಯಗೊಂಡವನನ್ನು ಎಳೆದುಕೊಂಡು ಬಂದ ಹುಡುಗಿ ಬೆಳಕು ಕಂಡ ಕಡೆ ಸೇರಿದರೆ ಅಲ್ಲಿ ಕಬ್ಬಿಣದ ಕಂಬಿ. ಆಚೆ ವಿಸ್ತುಲಾ ನದಿ, ಅದರಾಚೆ ಹಸಿರು ದಡ. ಗೆಳೆಯರಿಗೆ ಅದು ಬರೀ ದಡ. ಆ ದಡದಲ್ಲೇ ಸೋವಿಯತ್ ಸೇನೆ ನೆರವಿಗೆ ಬಾರದೆ ನಿಂತಿತ್ತು. ಅದನ್ನು ತೋರಿಸಲು ಸೆನ್ಸಾರ್ ಬಿಡುವ ಕಾಲವಲ್ಲ, ಪೋಲೆಂಡಿನ ಪ್ರೇಕ್ಷಕರಿಗೆ ಹೇಳಬೇಕಾಗಿಯೂ ಇರಲಿಲ್ಲ. ಹಾಗಾಗಿ ಭಾನುವಾರ ಶುರುವಿಗೆ ಮುಂಚೆ ಹಲಗೆಯ ಮೇಲೆ ನದಿಗೊಂದು ಗೆರೆ ಎಳೆದು, ಯಾರು ಯಾವ ದಡದಲ್ಲಿದ್ದರು ಅಂತ ಐದೇ ನಿಮಿಷ ಹೇಳಿದೆ. ಕಂಬಿಯ ದೃಶ್ಯ ಬಂದಾಗ ಸಭಾಂಗಣದಲ್ಲಿ ಒಂದು ಕೆಮ್ಮೂ ಕೇಳಲಿಲ್ಲ.

ಮೂರನೇ ವಾರ ‘ಆಶಸ್ ಆ್ಯಂಡ್ ಡೈಮಂಡ್ಸ್’. ಸಬ್‌ಟೈಟಲ್ ಹೊಂದಿಸಲು ಎರಡು ರಾತ್ರಿ ಹಿಡಿಯಿತು.

ಬುಗಾಯ್‌ಸ್ಕಿ ಅವರ ‘ಇಂಟರಾಗೇಶನ್’ಗೆ ಮೂರು ಇಸವಿ ಬೇಕಾದವು: ಕಥೆ 1951ರದು, ಚಿತ್ರ ಸಿದ್ಧವಾದದ್ದು 1982, ಬಿಡುಗಡೆ 1989. ಏಳು ವರ್ಷ ನಿಷೇಧ. ಸ್ಟಾಲಿನ್ ಕಾಲದ ಜೈಲಿನಲ್ಲಿ ಸುಳ್ಳು ತಪ್ಪೊಪ್ಪಿಗೆಗೆ ಮಣಿಯದ ಹೆಣ್ಣಾಗಿ ನಟಿಸಿದ ಕ್ರಿಸ್ತಿನಾ ಯಾಂದಾಗೆ 1990ರಲ್ಲಿ ಕಾನ್ ಚಿತ್ರೋತ್ಸವದ ಶ್ರೇಷ್ಠ ನಟಿ ಪ್ರಶಸ್ತಿ ಬಂತು. ಐದರಲ್ಲಿ ನನಗೆ ಅತಿ ಹತ್ತಿರವಾದದ್ದು ಇದೇ.

ಕೊನೆಯ ವಾರದ ಹಲಗೆ: 1980–1981. ‘ಮ್ಯಾನ್ ಆಫ್ ಐರನ್’. ನಿವೃತ್ತ ಮೇಷ್ಟ್ರೊಬ್ಬರು ಬಾಗಿಲಲ್ಲೇ ನಿಂತು, “ಇದೊಂದನ್ನ ಇಷ್ಟು ಬೇಗ ಹೇಗೆ ಬಿಟ್ರು?” ಅಂದರು. ಗ್ದಾನ್‌ಸ್ಕ್ ಹಡಗುಕಟ್ಟೆಯ ಮುಷ್ಕರ ಗೆದ್ದು ಸಾಲಿಡಾರಿಟಿ ಕಾರ್ಮಿಕ ಸಂಘ ಹುಟ್ಟಿದ ಮೇಲಿನ ಕೆಲವೇ ತಿಂಗಳು ಕಟ್ಟು ಸಡಿಲವಾಗಿತ್ತು ಸಾರ್, ಮುಷ್ಕರದ ನಾಯಕ ವಾವೆನ್ಸಾ ಸ್ವತಃ ಇದರಲ್ಲಿ ಕಾಣಿಸಿಕೊಂಡಿದ್ದಾರೆ, ಅಂದೆ. “ಆಮೇಲೆ?” ಅಂದರು. 1981ರ ಡಿಸೆಂಬರ್ 13ಕ್ಕೆ ಸೈನಿಕ ಆಡಳಿತ ಬಂತು ಅಂದೆ. ಅವರು ಸೀಮೆಸುಣ್ಣ ತಗೊಂಡು 1981ರ ಪಕ್ಕ ಆ ತಾರೀಖನ್ನೂ ಬರೆದು ಒಳಗೆ ಹೋದರು.