ಧ್ಯಾನ ಬಿಟ್ಟು ಸುಳ್ಳು ಎಣಿಸೋಕೆ ಕೂತೆ

ಪುನರ್ಜನ್ಮ ನಂಬಲ್ಲ, ಕರ್ಮದ ಲೆಕ್ಕ ನಂಬಲ್ಲ, ಮತ್ತೆ ಬುದ್ಧ ಹೇಳಿದ ಶೀಲ, ಅಂದ್ರೆ ಸುಳ್ಳು ಹೇಳ್ಬಾರ್ದು ಅನ್ನೋ ಥರದ ನಡತೆ ನಿಯಮ, ಯಾಕಪ್ಪಾ ನಿನಗೆ ಅಂತ ನಕ್ಕೋರೆಲ್ಲ ಈಗ ಸುಳ್ಳು ಹೆಂಗೆ ಕಮ್ಮಿ ಮಾಡ್ದೆ ಅಂತ ಕೇಳ್ತಿದಾರೆ, ಅದಕ್ಕೇ ಬರೀತಿದೀನಿ.

ಮೊದ್ಲು ಎರಡು ವರ್ಷ ಬರೀ ಉಸಿರು ನೋಡ್ತಾ ಕೂತೆ. ಎರಡು ಆ್ಯಪ್‌ಗೆ ಚಂದಾ, ಒಂದು ದುಬಾರಿ ಶಿಬಿರ, ಮಂಡಿನೋವಿಗೆ ಅಂತ ಸ್ಪೆಷಲ್ ದಿಂಬು, ಎಲ್ಲಾ ಸೇರಿ ಹತ್ತಿರ ಹತ್ತಿರ ಒಂದು ತಿಂಗಳ ಗಳಿಕೆ ಹೋಯ್ತು. ಕಣ್ಣು ಮುಚ್ಚಿದ್ರೆ ಮೂರು ಉಸಿರು, ಅಷ್ಟೇ, ಆಮೇಲೆ ಬೆಳಗ್ಗೆ ಯಾರ್ಯಾರಿಗೆ ಏನೇನು ಸುಳ್ಳು ಹೇಳಿದ್ದೆ, ಅವರವರೇ ಮಾತಾಡ್ಕೊಂಡ್ರೆ ನನ್ನ ಕತೆ ಏನು ಅನ್ನೋದೇ ಓಡ್ತಿತ್ತು.

ಬುದ್ಧನ ಉಪದೇಶಗಳ ಸಂಗ್ರಹ ಅಂಗುತ್ತರ ನಿಕಾಯದ 10ನೇ ನಿಪಾತದ (ಭಾಗದ) ಮೊದಲ ಸುತ್ತದಲ್ಲಿ, ಅಂದ್ರೆ ಉಪದೇಶದಲ್ಲಿ, ಶೀಲದಿಂದ ಏನು ಲಾಭ ಅಂತ ಶಿಷ್ಯ ಆನಂದ ಕೇಳ್ತಾನೆ, ಬುದ್ಧ ಅಲ್ಲಿ ಸ್ವರ್ಗದ ಮಾತೆತ್ತಲ್ಲ, ಅವಿಪ್ಪಟಿಸಾರ ಅಂತಾನೆ, ಮನಸ್ಸು ಚುಚ್ಚದೇ ಇರೋದು. ಅಲ್ಲಿಂದ ಖುಷಿ, ಪೀತಿ (ಉಕ್ಕೋ ಹಿಗ್ಗು), ಪಸ್ಸದ್ಧಿ (ಮೈಮನಸ್ಸು ತಣ್ಣಗಾಗೋದು), ಸುಖ, ಆಮೇಲೆ ಸಮಾಧಿ, ಅಂದ್ರೆ ಮನಸ್ಸು ಒಂದೇ ಕಡೆ ನಿಲ್ಲೋದು. ನಾನು ಮೆಟ್ಟಿಲು ಬಿಟ್ಟು ಮಾಳಿಗೆಗೆ ಹಾರ್ತಿದ್ದೆ.

ಸರಿ, ಧ್ಯಾನ ನಿಲ್ಲಿಸಿ ಮುಸಾವಾದ, ಅಂದ್ರೆ ಸುಳ್ಳು ಹೇಳೋದು, ಅದನ್ನ ಬಿಡೋ ಶೀಲ ಒಂದನ್ನೇ ಹಿಡ್ಕೊಂಡೆ. ಬೆರಳಿಗೆ ಹಾಕೋ ಕೌಂಟರ್, ಸುಳ್ಳಿಗೊಂದು ಒತ್ತು. ದಿನಕ್ಕೆ ಎರಡೋ ಮೂರೋ ಇರ್ಬೋದು ಅಂದ್ಕೊಂಡಿದ್ದೆ, ಮೊದಲ ಸಂಜೆ ನೋಡಿದ್ರೆ 17! ದೊಡ್ಡದು ಒಂದೂ ಇಲ್ಲ. ದಾರೀಲಿದೀನಿ ಅಂದಾಗ ಇನ್ನೂ ಚಪ್ಪಲೀನೂ ಹಾಕಿರ್ಲಿಲ್ಲ, ಓದಿದೆ ಚೆನ್ನಾಗಿದೆ ಅಂದ ಫೈಲು ಓಪನ್ನೇ ಮಾಡಿರ್ಲಿಲ್ಲ. ತಿಂಗಳಲ್ಲಿ 4–5ಕ್ಕೆ ಇಳೀತು, ಅಲ್ಲೇ ಸಿಕ್ಕಾಕ್ಕೊಳ್ತು. ಏನೇ ಮಾಡಿದ್ರೂ ಮುಂಚೆ, ಮಾಡ್ತಿರುವಾಗ, ಆಮೇಲೆ ಮೂರು ಸಲ ನೋಡ್ಕೋ ಅಂತ ಬುದ್ಧ ತನ್ನ ಮಗ ರಾಹುಲನಿಗೆ ಹೇಳಿದ್ದಾನೆ, ನಾನು ಆ ‘ಮುಂಚೆ’ ಒಂದನ್ನೇ ಬಿಗಿ ಮಾಡ್ದೆ, ಒಂದು ಉಸಿರು ಎಳ್ಕೊಂಡು ಆಮೇಲೆ ಮಾತು. ಫೋನಲ್ಲಿ ಎದುರಿನೋರಿಗೆ ಗೊತ್ತಾಗದ ಹಾಗೆ ಅದನ್ನ ಹೆಂಗೆ ತೂರಿಸ್ತೀನಿ ಅನ್ನೋದು ಮಾತ್ರ ಹೇಳಲ್ಲ, ನನ್ನ ಕಾಲ್ ಎತ್ತೋರು ಹುಷಾರಾಗಿಬಿಡ್ತಾರೆ.

ನಷ್ಟಾನೂ ಆಯ್ತು. ಒಬ್ಬ ಕ್ಲೈಂಟ್‌ಗೆ ಈ ವಾರ ಆಗಲ್ಲ, ಮೂರು ವಾರ ಬೇಕು ಅಂತ ಇದ್ದದ್ದು ಇದ್ದಂಗೆ ಹೇಳ್ದೆ, ಬೇರೆಯೋರ ಹತ್ರ ಹೋದ. ಸುಮಾರು ಒಂದೂವರೆ ತಿಂಗಳ ಗಳಿಕೆ. ಮನೇಲಿ ಕರೆಂಟ್ ಬಿಲ್ ಬುದ್ಧ ಕಟ್ತಾನಾ ಅಂದ್ರು. ಆ ದುಡ್ಡು ವಾಪಸ್ ಬರ್ಲೇ ಇಲ್ಲ.

ಮಧ್ಯೆ ಸಂಫಪ್ಪಲಾಪ, ಅಂದ್ರೆ ಕೆಲಸಕ್ಕೆ ಬಾರದ ಮಾತು, ಅದನ್ನೂ ಬಿಡೋಣ ಅಂತ ಒಂದು ವಾರ ಹರಟೆ ಬಂದ್ ಮಾಡ್ದೆ. ಮೂರನೇ ದಿನಕ್ಕೇ ಎಲ್ಲರೂ ಯಾಕೆ ಕೋಪಾನಾ ಅಂತ ಕೇಳೋಕೆ ಶುರು, ಅದನ್ನ ಅಲ್ಲಿಗೇ ಬಿಟ್ಟೆ.

ನಿಜವಾಗಿ ಫಲ ಕೊಟ್ಟಿದ್ದು ಒಂದು ಹಳೇ ಸಾಲ ಒಪ್ಕೊಂಡಿದ್ದು. ಬುದ್ಧ ತನ್ನ ಗೃಹಸ್ಥ ಶಿಷ್ಯ ಅನಾಥಪಿಂಡಿಕನಿಗೆ ಹೇಳಿದ ನಾಲ್ಕು ಸುಖದಲ್ಲಿ ಸಾಲ ಇಲ್ಲದ ಸುಖ ಮೂರನೇದು, ತಪ್ಪಿಲ್ಲದ ಸುಖ ನಾಲ್ಕನೇದು, ಮೊದಲ ಮೂರೂ ಅದರ 16ರಲ್ಲಿ ಒಂದು ಪಾಲಿಗೂ ಸಮ ಇಲ್ಲ ಅಂತ. ಏಳೆಂಟು ವರ್ಷದ ಹಿಂದೆ ಗೆಳೆಯನ ಹತ್ರ ಇಸ್ಕೊಂಡಿದ್ದೆ, ಮರ್ತೋದವನ ಥರ ಇದ್ದೆ. ಫೋನ್ ಮಾಡ್ದೆ. "ಯಾವ ದುಡ್ಡೋ?" ಅಂದ. ಏನಿಲ್ಲ ಬಿಡು, ಸುಮ್ನೆ ಮಾಡ್ದೆ ಅನ್ನೋದು ನಾಲಿಗೆ ತುದಿಗೇ ಬಂತು. ಉಸಿರು ಎಳ್ಕೊಂಡು ಇಷ್ಟು ದುಡ್ಡು, ಇಂಥಾ ವರ್ಷ ಅಂತ ಹೇಳ್ದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ನೆನಪಿತ್ತು ಕಣೋ, ಕೇಳೋಕೆ ಮುಜುಗರ" ಅಂದ. ಅಂದ್ರೆ ಅವನದೂ ಒಂದು ಸುಳ್ಳು, ಅದನ್ನ ನನ್ನ ಕೌಂಟರ್‌ಗೆ ಸೇರಿಸ್ಲಿಲ್ಲ.

ಆ ರಾತ್ರಿ ಆರೇಳು ತಿಂಗಳಾದ್ಮೇಲೆ ಕೂತೆ, ಆ್ಯಪೂ ಇಲ್ಲ ದಿಂಬೂ ಇಲ್ಲ. 20 ನಿಮಿಷದ ಅಲಾರಂ ಬಡೀತು, ಕೆಟ್ಟೋಯ್ತೇನೋ ಅಂತ ಟೈಮ್ ನೋಡ್ದೆ.