ಹಳೇ ಬೈಕಿನ ಹಿಂಬದಿ ಓಲಾಡುತ್ತಿದೆಯೇ? ಶಾಕ್ ಬದಲಿಸುವ ಮೊದಲು ಇಷ್ಟು ನೋಡಿ

ಮಡಿಕೇರಿಯಿಂದ ಸಂಪಾಜೆ ಕಡೆಗೆ ಇಳಿಯುವಾಗ ಒಂದರ ಹಿಂದೆ ಒಂದು ತಿರುವು. ಬೈಕ್ ಸರಿಯಿದ್ದರೆ ಎಡಕ್ಕೆ ವಾಲಿಸಿ, ಬಲಕ್ಕೆ ವಾಲಿಸಿ ಸಲೀಸಾಗಿ ಇಳಿಯಬಹುದು. ನನ್ನ ಬೈಕಿಗೆ ಅದು ಆಗುತ್ತಿರಲಿಲ್ಲ. ತಿರುವಿನಲ್ಲಿ ಮುಂದಿನ ಚಕ್ರ ವಾಲಿದ ಮೇಲೆ ಹಿಂಬದಿ ಒಂದು ಕ್ಷಣ ತಡವಾಗಿ ಬರುತ್ತಿತ್ತು, ಯಾರೋ ಹಿಂದಿನಿಂದ ಸೀಟು ಹಿಡಿದು ಅಲ್ಲಾಡಿಸಿದ ಹಾಗೆ. ಅಪ್ಪ 1980ರ ದಶಕದಲ್ಲಿ ಕೊಂಡ ಬೈಕ್ ಅದು. ಗ್ಯಾರೇಜಿನಲ್ಲಿ ತೋರಿಸಿದಾಗ ಶಾಕ್ (ಗುಂಡಿಯ ಹೊಡೆತ ತಡೆಯುವ ಶಾಕ್ ಅಬ್ಸಾರ್ಬರ್) ಹೋಗಿದೆ ಎಂದರು. ಎರಡೂ ಕಡೆ ಹೊಸ ಶಾಕ್ ಹಾಕಿಸಿದೆ. ಓಲಾಟ ಹಾಗೇ ಉಳಿಯಿತು. ಸವೆದಿದ್ದದ್ದು ಸ್ವಿಂಗ್ ಆರ್ಮ್‌ನ (ಹಿಂದಿನ ಚಕ್ರ ಹಿಡಿದು ಮೇಲೆ ಕೆಳಗೆ ಆಡುವ ತೋಳಿನ) ಬುಷ್, ಅಂದರೆ ಆ ತೋಳು ತಿರುಗುವ ಜಾಗದಲ್ಲಿ ಕೂರುವ ಸಣ್ಣ ಕೊಳವೆ. ಶಾಕ್‌ಗೆ ಕೊಟ್ಟ ದುಡ್ಡಿನ ಮುಂದೆ ಅದರ ಬೆಲೆ ಏನೂ ಅಲ್ಲ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೂ ಅಲ್ಲಿ ತಯಾರಾದ ಯೆಜ್ಡಿ ಬೈಕುಗಳು ನಮ್ಮ ತೋಟದ ಮನೆಗಳ ಶೆಡ್ಡಿನಲ್ಲಿ ಇನ್ನೂ ಇವೆ. ಹಳೆಯ ಬುಲೆಟ್, ಆರ್‌ಎಕ್ಸ್ 100 ಕೂಡ. ಇವೆಲ್ಲಕ್ಕೂ ಹಿಂದೆ ಎರಡು ಶಾಕ್, ಮಧ್ಯೆ ಒಂದು ಸ್ವಿಂಗ್ ಆರ್ಮ್. ಹಾಗಾಗಿ ಪರೀಕ್ಷಿಸುವ ರೀತಿ ಎಲ್ಲಕ್ಕೂ ಹೆಚ್ಚು ಕಡಿಮೆ ಒಂದೇ. ನೆಲದಿಂದ ಶುರು ಮಾಡಿ ಮೇಲಕ್ಕೆ ಬನ್ನಿ. ಮೊದಲು ಟೈರ್, ಆಮೇಲೆ ಚಕ್ರ, ಬುಷ್, ಚೈನ್. ಶಾಕ್‌ನ ಸರದಿ ಕೊನೆಗೆ.

ಬೇಕಾಗುವುದು ಗಾಳಿ ನೋಡುವ ಗೇಜ್, ಅಳತೆ ಟೇಪು, ಉದ್ದನೆಯ ಗಟ್ಟಿ ದಾರ, ಸ್ಪ್ಯಾನರ್ ಸೆಟ್, ಜೊತೆಗೊಬ್ಬ ಸಹಾಯಕ. ಬೈಕನ್ನು ಸಮತಟ್ಟಾದ ನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಕಾಫಿ ಒಣಗಿಸುವ ಕಣ ಇದ್ದರೆ ಅದಕ್ಕಿಂತ ಒಳ್ಳೆ ಜಾಗ ಬೇಕಿಲ್ಲ.

ಬೈಕ್ ಏನು ಹೇಳುತ್ತಿದೆ?

ಕೈ ಹಾಕುವ ಮೊದಲು ತೊಂದರೆ ಯಾವಾಗ ಬರುತ್ತದೆ ಎಂದು ಒಂದು ಚೀಟಿಯಲ್ಲಿ ಬರೆಯಿರಿ. ಹಂಪ್ ದಾಟಿದ ಮೇಲೆ ಹಿಂಬದಿ ಎರಡು ಮೂರು ಸಲ ಮೇಲೆ ಕೆಳಗೆ ಕುಣಿದರೆ ಶಾಕ್‌ನ ಎಣ್ಣೆಯ ಕೆಲಸ ನಿಂತಿದೆ. ಗುಂಡಿಗೆ ಬಿದ್ದಾಗ ಠಣ್ ಎಂದು ಬೆನ್ನಿಗೆ ಹೊಡೆದರೆ ಸ್ಪ್ರಿಂಗ್ ಸೋತಿರಬಹುದು, ಇಲ್ಲವೇ ಒಳಗಿನ ರಬ್ಬರ್ ತುಂಡು ಪುಡಿಯಾಗಿರಬಹುದು. ತಿರುವಿನಲ್ಲಿ ಹಿಂಬದಿ ಪಕ್ಕಕ್ಕೆ ತೇಲಿದಂತಾದರೆ ಬುಷ್, ಚಕ್ರದ ಬೇರಿಂಗ್, ಟೈರ್ ಈ ಮೂರರ ಮೇಲೆ ಅನುಮಾನ ಇಡಿ. ಗೇರ್ ಹಾಕಿ ಎಳೆದಾಗ ಟಕ್ ಅಂದರೆ ಚೈನ್, ಅಥವಾ ಶಾಕ್‌ನ ಕಣ್ಣಿನಲ್ಲಿರುವ (ಬೋಲ್ಟ್ ಹಾಕುವ ತೂತಿನಲ್ಲಿರುವ) ರಬ್ಬರ್ ಬುಷ್. ಇದು ಬರೀ ದಾರಿ ತೋರಿಸುವ ಗುರುತು. ಒಂದೇ ಲಕ್ಷಣಕ್ಕೆ ಎರಡು ಕಾರಣ ಇರುವುದು ಹಳೇ ಬೈಕಿನಲ್ಲಿ ಮಾಮೂಲು.

ಹೆಜ್ಜೆ 1: ಟೈರ್

ಗಾಳಿಯನ್ನು ಬೆಳಿಗ್ಗೆ, ಬೈಕ್ ಓಡಿಸುವ ಮೊದಲು ನೋಡಿ. ಓಡಿದ ಟೈರ್ ಬಿಸಿಯಾಗಿ ಜಾಸ್ತಿ ತೋರಿಸುತ್ತದೆ. ಎಷ್ಟಿರಬೇಕು ಎಂಬುದು ಬೈಕಿನ ಪುಸ್ತಕದಲ್ಲಿರುತ್ತದೆ. ಹಿಂದಿನ ಚಕ್ರಕ್ಕೆ ಸಾಮಾನ್ಯವಾಗಿ 28ರಿಂದ 32 ಪಿಎಸ್‌ಐ, ಹಿಂದೆ ಜನ ಕೂತರೆ ಸ್ವಲ್ಪ ಹೆಚ್ಚು. ಗಾಳಿ ಆರೇಳು ಪಿಎಸ್‌ಐ ಕಡಿಮೆಯಾದರೆ ಸಾಕು, ಶಾಕ್ ಹೋದಂತೆಯೇ ಬೈಕ್ ತೇಲುತ್ತದೆ. ಎಷ್ಟೋ ಸಲ ಕಾಯಿಲೆ ಇಲ್ಲಿಗೇ ಮುಗಿದಿರುತ್ತದೆ.

ಆಮೇಲೆ ಟೈರನ್ನು ಹಿಂದಿನಿಂದ ಕೂತು ನೋಡಿ. ಮಧ್ಯದ ಭಾಗ ಮಾತ್ರ ಸವೆದು ಚಪ್ಪಟೆಯಾಗಿದ್ದರೆ ತಿರುವಿಗೆ ವಾಲಿಸುವಾಗ ಅಂಚು ಹತ್ತಿದ ಹಾಗೆ ತಡೆದು, ಮರುಕ್ಷಣ ಧಪ್ಪನೆ ವಾಲುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2316 ಎಂದಿದ್ದರೆ 2016ರ 23ನೇ ವಾರದಲ್ಲಿ ತಯಾರಾದದ್ದು. ಶೆಡ್ಡಿನಲ್ಲಿ ನಿಂತೇ ಇದ್ದ ಬೈಕಿನ ಟೈರ್ ನೋಡಲು ಹೊಸದಿದ್ದರೂ ರಬ್ಬರ್ ಕಲ್ಲಾಗಿರುತ್ತದೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ತೋಟದ ದಾರಿಯಲ್ಲಿ ಅಂಥ ಟೈರನ್ನು ದಯವಿಟ್ಟು ನಂಬಬೇಡಿ.

ಹೆಜ್ಜೆ 2: ಕಡ್ಡಿ, ರಿಮ್

ಸಣ್ಣ ಸ್ಪ್ಯಾನರಿನಿಂದ ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ತಟ್ಟಿ. ಬಿಗಿ ಇರುವ ಕಡ್ಡಿ ಟಿಂಗ್ ಅನ್ನುತ್ತದೆ. ಸಡಿಲ ಇರುವುದು ಟಪ್ ಅನ್ನುತ್ತದೆ. ಬಳಿಕ ಸ್ವಿಂಗ್ ಆರ್ಮ್‌ಗೆ ಒಂದು ಪೆನ್ಸಿಲ್ ಕಟ್ಟಿ, ಅದರ ತುದಿ ರಿಮ್ ಹತ್ತಿರ ಬರುವಂತೆ ಮಾಡಿ ಚಕ್ರವನ್ನು ಕೈಯಿಂದ ತಿರುಗಿಸಿ. ರಿಮ್ ಪಕ್ಕಕ್ಕೆ 2 ಮಿಲಿಮೀಟರಿಗಿಂತ ಹೆಚ್ಚು ಓಲಾಡಿದರೆ ಬೆಂಡ್ ತೆಗೆಸಬೇಕು.

ಹೆಜ್ಜೆ 3: ಚಕ್ರದ ಬೇರಿಂಗ್, ಸ್ವಿಂಗ್ ಆರ್ಮ್ ಬುಷ್

ಇಲ್ಲಿ ಅವಸರ ಮಾಡಬೇಡಿ. ನಾನು ಎಡವಿದ್ದೂ ಇಲ್ಲೇ.

ಹಿಂದಿನ ಚಕ್ರವನ್ನು ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಎಡಕ್ಕೆ ಬಲಕ್ಕೆ ತಳ್ಳಿ ಎಳೆಯಿರಿ. ಆಟ ಇದ್ದರೆ ಕೈಗೆ ಗೊತ್ತಾಗುತ್ತದೆ. ಆದರೆ ಆಟ ಎಲ್ಲಿಂದ ಬರುತ್ತಿದೆ ಎಂದು ಕೈಗೆ ತಿಳಿಯುವುದಿಲ್ಲ, ಕಣ್ಣಿಗೆ ತಿಳಿಯಬೇಕು. ಅದಕ್ಕೇ ಸಹಾಯಕ. ನೀವು ಅಲ್ಲಾಡಿಸಿ, ಅವರು ಟಾರ್ಚ್ ಹಿಡಿದು ಎರಡು ಜಾಗ ನೋಡಲಿ: ಚಕ್ರದ ನಡು, ಮತ್ತು ಪಿವಟ್, ಅಂದರೆ ಸ್ವಿಂಗ್ ಆರ್ಮ್ ಚಾಸಿಗೆ (ಬೈಕಿನ ಚೌಕಟ್ಟಿಗೆ) ಕೂಡುವ ಜಾಗ. ಸ್ವಿಂಗ್ ಆರ್ಮ್ ಕದಲದೆ ಚಕ್ರ ಮಾತ್ರ ಅಲ್ಲಾಡಿದರೆ ಚಕ್ರದ ಬೇರಿಂಗ್ ಹೋಗಿದೆ. ಚಾಸಿ ಕದಲದೆ, ಚಕ್ರದ ಜೊತೆ ಸ್ವಿಂಗ್ ಆರ್ಮ್ ಕೂಡ ಆಚೀಚೆ ಸರಿದರೆ ಬುಷ್ ಹೋಗಿದೆ.

ಅನುಮಾನ ಉಳಿದರೆ ಚಕ್ರ ಬಿಚ್ಚಿ, ಎರಡೂ ಶಾಕ್‌ನ ಕೆಳಗಿನ ಬೋಲ್ಟ್ ತೆಗೆಯಿರಿ. ಶಾಕ್ ಹಿಡಿದುಕೊಂಡಿರುವ ತನಕ ಸ್ವಿಂಗ್ ಆರ್ಮ್ ತನ್ನ ಆಟವನ್ನು ಪೂರ್ತಿ ತೋರಿಸುವುದಿಲ್ಲ. ಈಗ ಅದರ ತುದಿ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಪಕ್ಕಕ್ಕೆ ಅಲುಗಲೇಬಾರದು. ಮೇಲೆತ್ತಿ ಬಿಟ್ಟರೆ ಎಲ್ಲೂ ಸಿಕ್ಕಿಕೊಳ್ಳದೆ ಕೆಳಗಿಳಿಯಬೇಕು. ಪಿವಟ್ ಹತ್ತಿರ ಕೂದಲೆಳೆಯಷ್ಟು ಸಡಿಲ ಇದ್ದರೂ ಆರ್ಮ್‌ನ ಉದ್ದದಿಂದಾಗಿ ಚಕ್ರದ ಹತ್ತಿರ ಅದು ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ತಿರುವಿನಲ್ಲಿ ಹಿಂದಿನ ಚಕ್ರ ತಾನೇ ಸ್ಟೀರಿಂಗ್ ತಿರುಗಿಸಿದ ಹಾಗಾಗುವುದು ಇದರಿಂದ. ಹೊಸ ಶಾಕ್ ಹಾಕಿದರೆ ಇದು ಸರಿಹೋಗುವುದು ಹೇಗೆ, ಅಲ್ವಾ?

ನಮ್ಮ ಕಡೆ ಈ ಬುಷ್ ಬೇಗ ಹೋಗುವುದಕ್ಕೆ ಕಾರಣ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಸರು ನೀರು ಪಿವಟ್ ಮೇಲೆ ಎರಚುತ್ತಲೇ ಇರುತ್ತದೆ. ಕೆಂಪು ಮಣ್ಣಿನ ಸಣ್ಣ ಮರಳು ಗ್ರೀಸ್ ಜೊತೆ ಸೇರಿದರೆ ಉಜ್ಜುವ ಪುಡಿಯಂತೆ ಕೆಲಸ ಮಾಡುತ್ತದೆ. ಕೆಸರು ಹೋಗಲಿ ಎಂದು ಜೋರು ನೀರಿನ ಪೈಪನ್ನು ಪಿವಟ್‌ಗೇ ಹಿಡಿದರೆ ಇದ್ದಬದ್ದ ಗ್ರೀಸೂ ಹೋಗಿ ಒಳಗೆ ನೀರು ನಿಲ್ಲುತ್ತದೆ. ಕಕ್ಕಡದ (ಕೊಡಗಿನ ಜೋರು ಮಳೆಯ ತಿಂಗಳಿನ) ಮಳೆಯಲ್ಲಿ ಓಡಿದ ಬೈಕನ್ನು ಕೈಲ್ ಪೊಳ್ದ್ (ಕೊಡವರ ಆಯುಧ ಪೂಜೆಯ ಹಬ್ಬ) ಹೊತ್ತಿಗೆ ತೊಳೆದು ಪೂಜೆಗೆ ನಿಲ್ಲಿಸುವ ಮನೆಗಳಲ್ಲಿ, ಆ ದಿನವೇ ಪಿವಟ್‌ಗೂ ಗ್ರೀಸ್ ಕೊಡಿ. ಗ್ರೀಸ್ ನಿಪ್ಪಲ್ (ಗ್ರೀಸ್ ತುಂಬುವ ಸಣ್ಣ ಮೂತಿ) ಇದ್ದರೆ ಹಳೇ ಕಪ್ಪು ಗ್ರೀಸ್ ಹೊರಬಂದು ಹೊಸದು ಕಾಣುವ ತನಕ ಒತ್ತಬೇಕು.

ಬುಷ್ ಬದಲಿಸುವಾಗ ಒಂದು ಸೂಕ್ಷ್ಮ ಇದೆ. ಲೋಹದ ಬುಷ್ ಆದರೆ ಪಾರ್ಟ್ ಸಿಗದಿದ್ದಾಗ ಲೇತ್‌ನಲ್ಲಿ ಗನ್ ಮೆಟಲ್‌ನಿಂದ (ಒಂದು ಬಗೆಯ ಕಂಚಿನಿಂದ) ಮಾಡಿಸಬಹುದು. ಬುಷ್ ಒಂದನ್ನೇ ಕೊಡಬೇಡಿ, ಅದರೊಳಗೆ ಕೂರುವ ಶಾಫ್ಟನ್ನೂ ಕೊಡಿ. ಶಾಫ್ಟ್ ಸವೆದಿದ್ದರೆ ಹೊಸ ಬುಷ್ ಕೂಡ ಕೆಲವೇ ತಿಂಗಳಲ್ಲಿ ಸಡಿಲವಾಗುತ್ತದೆ. ಕೆಲವು ಬೈಕಿನಲ್ಲಿ ರಬ್ಬರ್ ಕೂಡಿಸಿದ ಬುಷ್ ಇರುತ್ತದೆ. ಅಲ್ಲಿ ರಬ್ಬರೇ ತಿರುಚಿಕೊಂಡು ಕೆಲಸ ಮಾಡುವುದು. ಚಕ್ರ ನೇತಾಡುವಾಗ ಪಿವಟ್ ನಟ್ ಬಿಗಿದರೆ, ಬೈಕ್ ಕೆಳಗಿಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಹಾಗಾಗಿ ಬೈಕನ್ನು ಸ್ಟ್ಯಾಂಡಿನಿಂದ ಇಳಿಸಿ, ಒಬ್ಬರು ಸೀಟಿನ ಮೇಲೆ ಕೂತ ಮೇಲೆ ಕೊನೆಯ ಬಿಗಿ ಕೊಡಿ.

ಹೆಜ್ಜೆ 4: ಚೈನ್ ಮತ್ತು ಚಕ್ರದ ನೇರ

ಚೈನ್ ಅತಿ ಬಿಗಿಯಾಗಿದ್ದರೆ ಸ್ವಿಂಗ್ ಆರ್ಮ್ ಮೇಲೇಳುವಾಗ ಅದೇ ಹಗ್ಗದಂತೆ ಎಳೆದು ಹಿಡಿಯುತ್ತದೆ. ಶಾಕ್ ಗಟ್ಟಿಯಾಗಿದೆ ಎಂದು ನಮಗನ್ನಿಸುತ್ತದೆ. ಚಕ್ರ ನಿಧಾನಕ್ಕೆ ತಿರುಗಿಸಿ ಚೈನ್ ಅತಿ ಬಿಗಿ ಬರುವ ಜಾಗ ಹುಡುಕಿ. ಆ ಜಾಗದಲ್ಲಿ ಒಬ್ಬರು ಬೈಕಿನ ಮೇಲೆ ಕೂತಿರುವಾಗ ಕೆಳಗಿನ ಸಾಲು 20ರಿಂದ 30 ಮಿಲಿಮೀಟರ್ ಮೇಲೆ ಕೆಳಗೆ ಆಡಬೇಕು. ನಿಮ್ಮ ಬೈಕಿನ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಹಿಡಿಯಿರಿ.

ಚಕ್ರ ನೇರ ಇದೆಯೇ ಎನ್ನಲು ಸ್ವಿಂಗ್ ಆರ್ಮ್ ಮೇಲಿನ ಗೀಟು ನಂಬಬೇಡಿ. ದಾರವನ್ನು ಹಿಂದಿನ ಟೈರಿಗೆ ಹಿಂಭಾಗದಿಂದ ಸುತ್ತಿ ಎರಡೂ ಕಡೆಯಿಂದ ಮುಂದಕ್ಕೆ ಎಳೆದು, ಹಿಂದಿನ ಟೈರಿನ ಮುಂಭಾಗಕ್ಕೂ ತಾಗುವಂತೆ ಹಿಡಿಯಿರಿ. ಸ್ಟ್ಯಾಂಡಿಗೆ, ಸೈಲೆನ್ಸರಿಗೆ ತಾಗದ ಎತ್ತರ ನೋಡಿಕೊಳ್ಳಿ. ಹ್ಯಾಂಡಲ್ ನೇರ ಇದ್ದಾಗ ಮುಂದಿನ ಟೈರಿಗೂ ದಾರಕ್ಕೂ ನಡುವಿನ ಸಂದು ಎರಡೂ ಕಡೆ ಒಂದೇ ಇರಬೇಕು. ಇಲ್ಲದಿದ್ದರೆ ಚೈನ್ ಅಡ್ಜಸ್ಟರ್‌ನಿಂದ ಸರಿ ಮಾಡಿ.

ಹೆಜ್ಜೆ 5: ಈಗ ಶಾಕ್

ಬೈಕನ್ನು ಸ್ಟ್ಯಾಂಡಿನಿಂದ ಇಳಿಸಿ, ಸೀಟಿನ ಹಿಂಭಾಗವನ್ನು ಜೋರಾಗಿ ಅದುಮಿ ಬಿಡಿ. ಮೇಲೆದ್ದು ಒಂದೇ ಸಲಕ್ಕೆ ನಿಲ್ಲಬೇಕು. ಕುಣಿಯುತ್ತಲೇ ಇದ್ದರೆ ಎಣ್ಣೆ ಸೋರಿದೆ ಅಥವಾ ಒಳಗಿನ ವಾಲ್ವ್ ಸವೆದಿದೆ. ಶಾಕ್‌ನ ರಾಡ್ ಮೇಲೆ ಬಟ್ಟೆಯಿಂದ ಒರೆಸಿ ನೋಡಿ. ಎಣ್ಣೆ ಹತ್ತಿದರೆ ಸೀಲ್ ಹೋಗಿದೆ. ರಾಡ್‌ನಲ್ಲಿ ಸಾಸಿವೆ ಕಾಳಿನಷ್ಟು ತುಕ್ಕಿನ ಕುಳಿ ಇದ್ದರೂ ಅದು ಪ್ರತಿ ಸಲ ಸೀಲನ್ನು ಕೊಯ್ಯುತ್ತದೆ. ತಿಂಗಳುಗಟ್ಟಲೆ ಒದ್ದೆ ಶೆಡ್ಡಿನಲ್ಲಿ ನಿಂತ ಬೈಕುಗಳಲ್ಲಿ ಇದು ಜಾಸ್ತಿ. ರಾಡ್ ಹೀಗಾಗಿದ್ದರೆ ಸೀಲ್ ಒಂದನ್ನೇ ಬದಲಿಸಿ ಪ್ರಯೋಜನವಿಲ್ಲ.

ಎರಡೂ ಶಾಕ್‌ನ ಗುಣ ಒಂದೇ ಇದೆಯೇ ಎನ್ನಲು ಬೈಕ್ ಸೆಂಟರ್ ಸ್ಟ್ಯಾಂಡಿನಲ್ಲಿರುವಾಗ ಒಂದು ಕಡೆಯದನ್ನು ಬಿಚ್ಚಿ, ಚಕ್ರ ಎತ್ತಿ ಬಿಟ್ಟು ನೋಡಿ. ಆಮೇಲೆ ಇನ್ನೊಂದು ಕಡೆ ಹಾಗೇ ಮಾಡಿ. ಒಂದು ಗಟ್ಟಿ, ಒಂದು ಮೆತ್ತಗೆ ಇದ್ದರೆ ಸ್ವಿಂಗ್ ಆರ್ಮ್ ತಿರುಚಿಕೊಳ್ಳುತ್ತದೆ. ಬದಲಿಸುವುದಾದರೆ ಜೋಡಿಯಾಗಿಯೇ ಬದಲಿಸಿ, ಕಣ್ಣಿನಿಂದ ಕಣ್ಣಿಗೆ ಹಳೆಯದರ ಉದ್ದವೇ ಇರಲಿ.

ಸ್ಪ್ರಿಂಗ್ ಬಿಚ್ಚುವ ಕೆಲಸವನ್ನು ಸರಿಯಾದ ಸಾಧನ ಇಲ್ಲದೆ ಮನೆಯಲ್ಲಿ ಮಾಡಬೇಡಿ. ಅದುಮಿಟ್ಟ ಸ್ಪ್ರಿಂಗ್ ಚಿಮ್ಮಿದರೆ ಮುಖಕ್ಕೇ ಬರುತ್ತದೆ. ಕೆಲವು ಹಳೇ ಶಾಕ್‌ಗಳನ್ನು ಬಿಚ್ಚಿ ಎಣ್ಣೆ, ಸೀಲ್ ಬದಲಿಸಬಹುದು. ಗ್ಯಾಸ್ ತುಂಬಿದ ಶಾಕ್ ಆಗಿದ್ದರೆ ತೂತು ಕೊರೆಯುವುದು, ಬಿಸಿ ಮಾಡುವುದು ಬೇಡವೇ ಬೇಡ.

ಇನ್ನು ಸ್ಪ್ರಿಂಗ್‌ನ ಶಕ್ತಿ. ಇದಕ್ಕೆ ಟೇಪು ಸಾಕು. ಹಿಂದಿನ ಚಕ್ರ ನೇತಾಡುವಾಗ ಆಕ್ಸಲ್‌ನಿಂದ (ಚಕ್ರದ ನಡುವಿನ ಕಂಬಿಯಿಂದ) ನೇರ ಮೇಲೆ ಸೀಟಿನ ಕೆಳಗಿನ ಒಂದು ಗುರುತಿನವರೆಗೆ ಅಳೆಯಿರಿ. 320 ಮಿಲಿಮೀಟರ್ ಬಂತು ಎಂದುಕೊಳ್ಳೋಣ. ಬೈಕ್ ಇಳಿಸಿ ನೀವು ಕೂತಾಗ ಸಹಾಯಕರು ಮತ್ತೆ ಅಳೆಯಲಿ. 295 ಬಂದರೆ ಕುಸಿತ 25. ಚಕ್ರ ಒಟ್ಟು ಆಡುವ ಅಳತೆಯ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಕುಸಿತ ಇರಬೇಕು. ಒಟ್ಟು 80 ಮಿಲಿಮೀಟರ್ ಆಡುವ ಬೈಕಿಗೆ 25 ಸರಿಯಾಗಿದೆ. 40 ಕುಸಿದರೆ ಹಿಂಬದಿ ತಗ್ಗಿ ಮುಂದಿನ ಚಕ್ರ ಹಗುರವಾಗುತ್ತದೆ, ತಿರುವಿನಲ್ಲಿ ಬೈಕ್ ಹೊರಕ್ಕೆ ಹೋಗುತ್ತದೆ.

ಕುಸಿತ ಜಾಸ್ತಿ ಇದ್ದರೆ ಶಾಕ್‌ನ ಕೆಳಗಿನ ಮೆಟ್ಟಿಲು ಮೆಟ್ಟಿಲಾದ ಉಂಗುರವನ್ನು ಕೊಕ್ಕೆ ಸ್ಪ್ಯಾನರಿನಿಂದ ಒಂದು ಮೆಟ್ಟಿಲು ಏರಿಸಿ, ಎರಡೂ ಕಡೆ ಸಮನಾಗಿ. ಹೀಗೆ ಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂದು ತುಂಬಾ ಜನ ತಿಳಿದಿದ್ದಾರೆ. ಸ್ಪ್ರಿಂಗ್ ಅದೇ ಸ್ಪ್ರಿಂಗ್, ಬೈಕ್ ನಿಲ್ಲುವ ಎತ್ತರ ಮಾತ್ರ ಏರುತ್ತದೆ. ಕೊನೆಯ ಮೆಟ್ಟಿಲಿನಲ್ಲೂ ಕುಸಿತ ಕಡಿಮೆಯಾಗದಿದ್ದರೆ ಸ್ಪ್ರಿಂಗ್ ಸೋತಿದೆ.

ಹಿಂದೆ ಅನ್ನಿಸಿದರೂ ಮುಂದೆ ಇರಬಹುದು

ಇಷ್ಟೆಲ್ಲ ಸರಿ ಇದ್ದೂ ಓಲಾಡಿದರೆ ಹ್ಯಾಂಡಲಿನ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ನೋಡಿ. ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಹ್ಯಾಂಡಲ್ ನಿಧಾನಕ್ಕೆ ತಿರುಗಿಸಿದಾಗ ಸರಿಯಾಗಿ ನಡುವೆ ಸಣ್ಣ ಕುಳಿಗೆ ಬಿದ್ದ ಹಾಗೆ ನಿಂತರೆ ಅದು ಸವೆದಿದೆ.

ಹೊರೆಯನ್ನೂ ಮರೆಯಬೇಡಿ. ಕೊಯ್ಲಿನ ದಿನಗಳಲ್ಲಿ ಹಿಂದಿನ ಕ್ಯಾರಿಯರ್ ಮೇಲೆ 50 ಕೆಜಿಯ ಕಾಫಿ ಮೂಟೆ ಇಟ್ಟು ತೋಟದಿಂದ ರಸ್ತೆಗೆ ಏರಿಸುತ್ತೇವೆ. ಭಾರ ಆಕ್ಸಲ್‌ಗಿಂತ ಹಿಂದೆ, ಎತ್ತರದಲ್ಲಿ ಕೂತರೆ ಎಂಥ ಹೊಸ ಬೈಕೂ ಓಲಾಡುತ್ತದೆ. ಮೂಟೆಯನ್ನು ಸೀಟಿನ ಮೇಲೆ, ನಿಮ್ಮ ಬೆನ್ನಿಗೆ ತಾಗುವಷ್ಟು ಮುಂದಕ್ಕೆ ಕಟ್ಟಿ.

ಓಡಿಸಿ ನೋಡುವುದು

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಒಂದೇ ರಸ್ತೆಯಲ್ಲಿ ಓಡಿಸಿ. ಗಾಳಿ, ಚೈನ್, ಶಾಕ್ ಎಲ್ಲವನ್ನೂ ಒಟ್ಟಿಗೆ ಮುಟ್ಟಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ. ನಾನು ನಮ್ಮೂರಿನ ಒಂದು ಹಂಪ್, ಎರಡು ತಿರುವು ಇರುವ ಖಾಲಿ ರಸ್ತೆಯನ್ನೇ ಇಟ್ಟುಕೊಂಡಿದ್ದೇನೆ. ಹಂಪ್ ಮೇಲೆ 20, ತಿರುವಿನಲ್ಲಿ 40 ಕಿಲೋಮೀಟರ್ ವೇಗ, ಅಷ್ಟೇ. ಸುಮ್ನೆ ಮಂಜು ಮುಸುಕಿದ ಘಾಟಿಗೆ ಹೋಗಿ ಪರೀಕ್ಷೆ ಮಾಡಬೇಡಿ. ಪ್ರತಿ ಸಲ ಬಂದು ಚೀಟಿಯಲ್ಲಿ ಬರೆಯಿರಿ.

ಸುಮಾರು 100 ಕಿಲೋಮೀಟರ್ ಓಡಿದ ಮೇಲೆ ಆಕ್ಸಲ್ ನಟ್, ಪಿವಟ್ ನಟ್, ಶಾಕ್‌ನ ನಾಲ್ಕು ನಟ್‌ಗಳಿಗೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿ. ಆಕ್ಸಲ್‌ಗೆ ಕಾಟರ್ ಪಿನ್ (ನಟ್ ಬಿಚ್ಚಿಕೊಳ್ಳದಂತೆ ತಡೆಯುವ ಕವಲು ಪಿನ್) ಇದ್ದರೆ ಬಿಚ್ಚಿದ ಹಳೆಯದನ್ನೇ ನೆಟ್ಟಗೆ ಮಾಡಿ ಹಾಕಬೇಡಿ, ಹೊಸದು ಹಾಕಿ.